ಕುಂಡಲಿಗನ ಮನೆಯ ಕಿಟಕಿ

ವನ್ಯಜೀವಿಗಳ ಕಿರುಚಿತ್ರ ಮಾಡುತ್ತೇನೆ ಎಂದು ಯಾರಿಗಾದರೂ ಹೇಳಿದರೆ ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ. ಕಾಡುಮೇಡು ಅಲೆಯುವವರ ಲಕ್ಷಣ ಎರಡರಲ್ಲೂ ಇಲ್ಲ. ನಿಜ ಹೇಳಬೇಕೆಂದರೆ ನಾನು ಕಾಡು ನೋಡಿದ್ದು ಶಾಲೆಯ ಪ್ರವಾಸದಲ್ಲಿ, ಅದೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತ. ನನ್ನ ವನ್ಯಜೀವಿಗಳೆಲ್ಲ ಅಡುಗೆಮನೆಯ ಸಿಂಕಿನ ಕೆಳಗೆ, ಕರಿಬೇವಿನ ಕುಂಡದಲ್ಲಿ, ಬಚ್ಚಲಿನ ಬಲ್ಬಿನ ಸುತ್ತ ವಾಸವಾಗಿವೆ. ಇರುವೆ, ಜಿಗಿಯುವ ಜೇಡ, ಎಲೆ ತಿನ್ನುವ ಹಸಿರು ಹುಳ, ಇವೇ ನನ್ನ ಆನೆ, ಕಾಡೆಮ್ಮೆ. ಚಿತ್ರವೂ ಅವುಗಳ ಅಳತೆಗೆ ತಕ್ಕಂತೆ ಪುಟ್ಟದು; ಒಲೆಯ ಮೇಲಿಟ್ಟ ಕುಕ್ಕರ್ ಕೂಗುವಷ್ಟರಲ್ಲಿ ನೋಡಿ ಮುಗಿಸಬಹುದು. ನೆಂಟರು ಬಂದರೆ ಕೂರಿಸಿ ತೋರಿಸುತ್ತೇನೆ, ಅವರು ಉಪ್ಪಿಟ್ಟಿನ ಋಣಕ್ಕೆ ನೋಡುತ್ತಾರೆ. ನನ್ನ ಚಿಕ್ಕಮ್ಮನಂತೂ ಇರುವೆಯೊಂದು ಸಕ್ಕರೆ ಹರಳು ಹೊತ್ತು ಗೋಡೆ ಹತ್ತುವ ಚಿತ್ರವನ್ನು ಪೂರ್ತಿ ನೋಡಿ, "ಎಲ್ಲ ಸರಿ ಕಣೆ, ಹುಲಿ ಯಾವಾಗ ಬರತ್ತೆ?" ಎಂದು ಕೇಳಿದ್ದರು.

ಈ ಹುಚ್ಚು ಶುರುವಾದದ್ದು ಹೈದರಾಬಾದಿನಲ್ಲಿ, ಐಟಿಯ ಸುಗ್ಗಿಯ ಕಾಲದಲ್ಲಿ. ನಾನೂ ನನ್ನ ಗಂಡನೂ ಮೈಸೂರು ಬಿಟ್ಟು ಅಲ್ಲಿನ ಕಂಪನಿಗಳಿಗೆ ಸೇರಿ ಮಣಿಕೊಂಡದಲ್ಲಿ ಮನೆ ಹಿಡಿದಿದ್ದೆವು. ಅಲ್ಲಿ ಆಗ ಬಂಡೆಗಳೂ ಅರ್ಧ ಕಟ್ಟಿದ ಮನೆಗಳೂ ಸಮಸಮವಾಗಿದ್ದವು. ಬೆಳಗಾದರೆ ಬಂಡೆ ಒಡೆಯುವ ಸದ್ದು, ನೀರಿನ ಟ್ಯಾಂಕರಿನ ಹಾರನ್ನು, ಯಾದಗಿರಿ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಕೂಗಾಟ. ಸಂಬಳ ಕೈಗೆ ಬಂದ ಹುರುಪಿನಲ್ಲಿ ನಾದಿನಿಯ ಮದುವೆಗೆಂದು ಒಂದು ಹ್ಯಾಂಡಿಕ್ಯಾಮ್ ಕೊಂಡೆವು. ಮದುವೆಮನೆಯಲ್ಲಿ ಅದನ್ನು ಯಾರ ಮುಂದೆ ಹಿಡಿದರೂ ಅವರು ಸೆರಗು ಸರಿಮಾಡಿಕೊಂಡು ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವರ ಹಾಗೆ ನಿಂತುಬಿಡುತ್ತಿದ್ದರು. ಬೇಸತ್ತು ಎಲೆಯ ಮೇಲಿನ ಹೋಳಿಗೆಗೆ ಬಂದ ನೊಣದ ಕಡೆ ಕ್ಯಾಮೆರಾ ತಿರುಗಿಸಿದೆ. ಅದು ಕೈ ಉಜ್ಜಿಕೊಂಡಿತು, ಮುಖ ಒರೆಸಿಕೊಂಡಿತು, ಸಾವಕಾಶವಾಗಿ ಊಟಕ್ಕೆ ಕೂತಿತು. ಇಡೀ ಮದುವೆಯಲ್ಲಿ ಸಹಜವಾಗಿ ನಡೆದುಕೊಂಡದ್ದು ಅದೊಂದೇ. ಆ ಕ್ಯಾಸೆಟ್ಟಿನ ಮಾತೆತ್ತಿದರೆ ನಾದಿನಿ ಈಗಲೂ ಮುಖ ಊದಿಸಿಕೊಳ್ಳುತ್ತಾಳೆ.

ಕೀಟಗಳ ಚಿತ್ರ ತೆಗೆಯುವುದು ಹೊರಗಿನವರ ಕಣ್ಣಿಗೆ ಮರುಳಿನಂತೆಯೇ ಕಾಣುತ್ತದೆ. ಹೊಟ್ಟೆಯ ಮೇಲೆ ಮಲಗಬೇಕು, ಉಸಿರು ಬಿಗಿಹಿಡಿಯಬೇಕು, ಮೊಣಕೈ ಜೋಮು ಹಿಡಿದರೂ ಅಲ್ಲಾಡಬಾರದು. ಲೆನ್ಸಿನ ಮುಂದೆ ನಾನು ಒಂದು ಭೂತಗನ್ನಡಿಯನ್ನು ಟೇಪಿನಿಂದ ಅಂಟಿಸಿದ್ದೆ. ಕಥಾನಾಯಕ ಅರ್ಧ ಹೆಜ್ಜೆ ಮುಂದಿಟ್ಟರೆ ಸಾಕು, ಎಲ್ಲ ಮಂಜು. ಶಬ್ದದ ಪಾಡಂತೂ ಕೇಳಬೇಡಿ. ಹುಳ ಎಲೆ ಮೇಯುವ ಸದ್ದು ನನ್ನ ಕ್ಯಾಮೆರಾದ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅದಕ್ಕಾಗಿ ನನ್ನ ಗಂಡ ಮೈಕಿನ ಪಕ್ಕ ಕೂತು ಹಪ್ಪಳ ಅಗಿಯಬೇಕಾಗಿತ್ತು. ಉದ್ದಿನ ಹಪ್ಪಳದ ಸದ್ದು ಹುಳಕ್ಕೆ ಗಡುಸಾಯಿತು, ಸಬ್ಬಕ್ಕಿ ಸಂಡಿಗೆ ಹೊಂದಿತು. ಆದ್ದರಿಂದ ಇಂಥ ಚಿತ್ರಗಳಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ನಂಬಬೇಡಿ. ಕಣ್ಣಿಗೆ ಬಿದ್ದದ್ದನ್ನೂ ತುಸು ಯೋಚಿಸಿಯೇ ನಂಬಬೇಕೆಂದು ನನಗೆ ತಿಳಿದದ್ದು ಶಾಂತಪ್ಪ ಮಾಸ್ತರರ ದೆಸೆಯಿಂದ.

ಶಾಂತಪ್ಪ ಮಾಸ್ತರರು ನಮ್ಮ ಮನೆಯ ಮಾಲೀಕರು, ಕಲಬುರಗಿ ಕಡೆಯವರು. ಹೈದರಾಬಾದಿನ ಕನ್ನಡ ಶಾಲೆಯೊಂದರಲ್ಲಿ ಆಯುಷ್ಯವೆಲ್ಲ ಪಾಠ ಹೇಳಿ ನಿವೃತ್ತರಾಗಿ, ಕೆಳಗಿನ ಮನೆಯಲ್ಲಿ ಮಗಳು ಗಿರಿಜಾಳ ಜೊತೆ ಇದ್ದರು. ಎಲ್ಲರೂ ಅವರನ್ನು ಮಾಸ್ತರ್ ಎಂದರೆ ನಾನು ನಮ್ಮ ಕಡೆಯ ರೂಢಿಯಂತೆ ಮೇಷ್ಟ್ರು ಎನ್ನುತ್ತಿದ್ದೆ. ಶ್ರಾವಣದ ಸೋಮವಾರಗಳಂದು ಸಂಜೆ ಅವರ ಪಡಸಾಲೆಯಲ್ಲಿ ಸುತ್ತಲಿನ ಕನ್ನಡದವರು ಸೇರುತ್ತಿದ್ದರು, ಮಾಸ್ತರರ ಪ್ರವಚನ ಆಗುತ್ತಿತ್ತು. ವಿಷಯ ಯಾವುದೇ ಇರಲಿ, ಕೊನೆಗೆ ಅದು ಗುರು ಶಿಷ್ಯರ ಮಾತಿಗೆ ಬಂದು ನಿಲ್ಲುತ್ತಿತ್ತು. ಒಳ್ಳೆಯ ಗುರು ಶಿಷ್ಯನನ್ನು ತನ್ನಂತೆಯೇ ಮಾಡಿಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಆ ಲೆಕ್ಕದಲ್ಲಿ ಅವರು ತಮ್ಮನ್ನು ತಾವೇ ನಪಾಸು ಮಾಡಿಕೊಂಡಿದ್ದರು. ಅವರ ಹುಡುಗರಲ್ಲಿ ಒಬ್ಬ ಪಾತ್ರೆ ಅಂಗಡಿ ಇಟ್ಟಿದ್ದ, ಒಬ್ಬ ನಾಚಾರಂನಲ್ಲಿ ಲೇತ್ ಮಷೀನು ಹಾಕಿದ್ದ, ಮಾಸ್ತರಿಕೆ ಮಾತ್ರ ಒಬ್ಬನೂ ಹಿಡಿಯಲಿಲ್ಲ. ಗಿರಿಜಾ ಆದರೂ ತಮ್ಮ ಹಾದಿ ಹಿಡಿದು ಪಾಠ ಪ್ರವಚನ ಮಾಡಿಯಾಳು ಎಂದು ಕಾದರು. ಅವಳು ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ತೆಗೆದಳು. ಅದು ಚೆನ್ನಾಗಿಯೂ ನಡೆಯಿತು. ಆದರೆ ಯಾರಾದರೂ "ಮಗಳು ಏನ್ ಮಾಡ್ತಾಳ್ರಿ ಮಾಸ್ತರ?" ಎಂದರೆ ಅವರು "ಮನ್ಯಾಗ ಇರ್ತಾಳ" ಎಂದು ಮಾತು ತಿರುಗಿಸಿಬಿಡುತ್ತಿದ್ದರು. ಗಿರಿಜಾ ಅದನ್ನು ಕೇಳಿಯೂ ಕೇಳದವಳಂತೆ ಇರುತ್ತಿದ್ದಳು. ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ವರ್ಷ ಆಷಾಢದಲ್ಲಿ ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ಸಪೂರ ನಡುವಿನ ಕಣಜವೊಂದು ಓಡಾಡತೊಡಗಿತು. ಗೇಟಿನ ಬಳಿ ಟ್ಯಾಂಕರಿನಿಂದ ಸೋರಿದ ನೀರಿನ ಕೆಸರನ್ನು ಉಂಡೆ ಕಟ್ಟಿ ತಂದು, ಕಿಟಕಿಯ ಗಾಜಿಗೆ ಅಂಟಿಸಿ, ಪುಟ್ಟ ಮಡಕೆಯೊಂದನ್ನು ಕಟ್ಟುತ್ತಿತ್ತು. ಮಣಿಕೊಂಡದಲ್ಲಿ ಎಲ್ಲರೂ ಮನೆ ಕಟ್ಟುವಾಗ ಇದಕ್ಕೇನು ಧಾಡಿ ಎಂದು ನಾನು ಕ್ಯಾಮೆರಾ ತಂದೆ. ನೀರಿನ ಟಾಕಿ ನೋಡಲು ಮೇಲೆ ಬಂದ ಮಾಸ್ತರರು ಅದನ್ನು ಕಂಡು ಕಿಟಕಿಗೇ ಕೈ ಮುಗಿದರು.

"ಯವ್ವಾ, ಕುಂಡಲಿಗ ಬಂದಾನ ನೋಡ ನಮ್ಮನೀಗೆ! ಇವನ ಕತಿ ನಾ ಹೇಳಿದ್ದು ಎಷ್ಟ ಸಲ, ಕಣ್ಣಿಲೆ ಕಂಡಿದ್ದು ಇವತ್ತ."

ಆ ಕತೆ ನಿಮಗೂ ಗೊತ್ತಿರಬೇಕು. ಕುಂಡಲಿಗ ಒಂದು ಬಡ ಹುಳವನ್ನು ಹಿಡಿದು ತಂದು ಮಣ್ಣಿನ ಗೂಡಿನಲ್ಲಿಟ್ಟು ಬಾಗಿಲು ಮುಚ್ಚುತ್ತದೆ. ಹೊರಗೆ ಕೂತು ಗುಂಯ್ ಎನ್ನುತ್ತದೆ. ಒಳಗಿನ ಹುಳ ಆ ನಾದವನ್ನೇ ಕೇಳುತ್ತ, ಕುಂಡಲಿಗನನ್ನೇ ಧ್ಯಾನಿಸುತ್ತ, ಕಡೆಗೊಂದು ದಿನ ತಾನೇ ಕುಂಡಲಿಗನಾಗಿ ಹಾರಿ ಹೊರಬರುತ್ತದೆ. ಪಂಡಿತರು ಇದನ್ನು ಕೀಟಭೃಂಗ ನ್ಯಾಯ ಎನ್ನುತ್ತಾರೆ. ನಮ್ಮ ಹಿರಿಯರು ವಾದಕ್ಕೆಂದು ಒಂದು ಇಡೀ ಮೃಗಾಲಯವನ್ನೇ ಸಾಕಿದ್ದರು. ತಾಳೆಯ ಮರಕ್ಕೊಂದು ಕಾಗೆ, ಬಾವಿಗೊಂದು ಕಪ್ಪೆ, ಕುರುಡರಿಗೊಂದು ಆನೆ. ಹುಳ ಮರ ಕೊರೆಯುತ್ತ ಹೋದಾಗ ತನಗೇ ತಿಳಿಯದಂತೆ ಅಕ್ಷರ ಮೂಡಿದರೆ ಅದಕ್ಕೂ ಘುಣಾಕ್ಷರ ನ್ಯಾಯ ಎಂದೊಂದು ಹೆಸರು. ನನ್ನ ಪ್ರಕಾರ ಇವೆಲ್ಲ ಕಿರುಚಿತ್ರಗಳೇ, ಕ್ಯಾಮೆರಾ ಇರಲಿಲ್ಲ ಅಷ್ಟೆ.

"ನೀ ಇದನ್ನ ಪೂರಾ ಸಿನಿಮಾ ತಗೀವಾ," ಎಂದರು ಮಾಸ್ತರರು. "ಶ್ರಾವಣದ ಕಡೀ ಸೋಮವಾರ ಎಲ್ಲಾರಿಗೂ ತೋರಸೂಣು. ಗುರು ಅಂದ್ರ ಏನಂತ ಮಂದಿ ಕಣ್ಣಿಲೆ ನೋಡಲಿ."

ನಾನು ಖುಷಿಯಿಂದ ಒಪ್ಪಿಕೊಂಡೆ. ನನ್ನ ಚಿತ್ರವನ್ನು ಯಾರಾದರೂ ತಾವಾಗಿಯೇ ಕೇಳಿದ್ದು ಅದೇ ಮೊದಲು.

ನನ್ನ ಪುಣ್ಯಕ್ಕೆ ಆ ಕುಂಡಲಿಗ ಮಣ್ಣಿನ ವಿಷಯದಲ್ಲಿ ಕಂಜೂಸು. ಗಾಜು ಹೇಗೂ ಗೋಡೆಯೇ ಅಲ್ಲವೆ ಎಂದು ಆ ಕಡೆ ಕೆಸರು ಮೆತ್ತದೆ ಬಿಟ್ಟಿತ್ತು. ಹೀಗಾಗಿ ಒಳಗಿನಿಂದ ನೋಡಿದರೆ ಮಡಕೆಯ ಹೊಟ್ಟೆಯೊಳಗಿನದೆಲ್ಲ ಕಾಣುತ್ತಿತ್ತು. ಮೊದಲು ತಿಳಿದದ್ದು, ಅದು ಗಂಡಲ್ಲ, ಹೆಣ್ಣು. ಮಡಕೆ ಕಟ್ಟಿದವಳೇ ಛಾವಣಿಯಿಂದ ನೂಲಿನಂಥ ಎಳೆಗೆ ಒಂದು ಮೊಟ್ಟೆ ತೂಗುಹಾಕಿದಳು. ಇದನ್ನು ಮಾಸ್ತರರಿಗೆ ಅಳುಕುತ್ತಲೇ ಹೇಳಿದೆ. ಅವರು, "ಆಗಲಿ ಬಿಡವಾ, ತಾಯಿಗಿಂತ ದೊಡ್ಡ ಗುರು ಯಾರದಾರ?" ಎಂದು ನಕ್ಕರು. ಆಮೇಲೆ ಅವಳು ಗಿರಿಜಾಳ ಬದನೆ ಗಿಡದಿಂದ ಹಸಿರು ಹುಳಗಳನ್ನು ಹೊತ್ತು ತಂದು ಒಳಗೆ ತುಂಬಿ, ಬಾಯಿ ಮುಚ್ಚಿ, ಹಿಂತಿರುಗಿ ನೋಡದೆ ಹೋದಳು. ಹುಳಗಳು ಸತ್ತಿರಲಿಲ್ಲ, ಅವಳ ಕೊಂಡಿಯ ವಿಷಕ್ಕೆ ಮರಗಟ್ಟಿ ಸುಮ್ಮನೆ ಬಿದ್ದಿದ್ದವು. ಅವು ಧ್ಯಾನಕ್ಕೆ ಕೂತಿವೆ ಎಂದು ಹಿಂದಿನವರಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ನನಗೂ ಹಾಗೇ ಅನ್ನಿಸಿತು.

ಮೊಟ್ಟೆ ಒಡೆದು ಮರಿ ಹೊರಬಂದು ಮೊದಲ ಹುಳಕ್ಕೆ ಬಾಯಿ ಹಾಕುವವರೆಗೆ. ಬೆಳಗಿನ ಕಾಫಿ ಕೈಯಲ್ಲಿ ಹಿಡಿದು ನೋಡುತ್ತಿದ್ದವಳು ಲೋಟವನ್ನು ಹಾಗೇ ಕೆಳಗಿಟ್ಟೆ. ಮರಿ ಒಂದೊಂದಾಗಿ ಹುಳಗಳನ್ನು ತಿಂದಿತು, ಚೂರೂ ಅವಸರವಿಲ್ಲದೆ, ಮದುವೆಯೂಟದ ಎಲೆಯ ಮುಂದೆ ಕೂತವರ ಹಾಗೆ. ತಿಂದು ದುಂಡಗಾಯಿತು, ಪೊರೆ ಕಟ್ಟಿ ಮಲಗಿತು, ಕೆಲವು ವಾರಗಳಲ್ಲಿ ರೆಕ್ಕೆ ಮೂಡಿಸಿಕೊಂಡು ಮಡಕೆಗೆ ತೂತು ಕೊರೆದು ಹಾರಿಹೋಯಿತು. ಹುಳ ಕುಂಡಲಿಗನಾಗಲಿಲ್ಲ. ಕುಂಡಲಿಗನ ಕೂಸಿಗೆ ಊಟವಾಯಿತು.

ಈಗ ನನ್ನ ಫಜೀತಿ ನೋಡಿ. ಕೆಳಗೆ ಮಾಸ್ತರರು ಸಿಕ್ಕಸಿಕ್ಕವರನ್ನು ಕಡೆಯ ಸೋಮವಾರಕ್ಕೆ ಕರೆಯುತ್ತಿದ್ದಾರೆ. ಮೇಲೆ ನನ್ನ ಕ್ಯಾಸೆಟ್ಟಿನಲ್ಲಿ ಅವರ ಜೀವಮಾನದ ದೃಷ್ಟಾಂತವನ್ನು ಒಂದು ಮರಿ ಕಚಕಚ ಅಗಿಯುತ್ತಿದೆ. ಇದನ್ನು ಹತ್ತು ಜನರ ಮುಂದೆ ಹಾಕಿದರೆ ಮುದುಕರ ಗತಿ ಏನು? ಹೆತ್ತ ಮಗಳ ಕೆಲಸವನ್ನು ಬಾಯಿಬಿಟ್ಟು ಹೇಳಲಾರದಷ್ಟು ಆ ಕತೆಯನ್ನು ಹಚ್ಚಿಕೊಂಡವರು ಅವರು. ಅದು ಹೋದರೆ ಅವರಿಗೆ ಉಳಿಯುವುದಾದರೂ ಏನೆಂದು ನನಗೆ ನಿಜವಾಗಿ ಭಯವಾಯಿತು. ನನ್ನ ಗಂಡ ಸಲೀಸಾಗಿ, "ಮಧ್ಯದ್ದು ತೆಗೆದುಬಿಡು, ಅಷ್ಟೇ ತಾನೆ" ಎಂದ. ಕಂಪ್ಯೂಟರಿನ ಮುಂದೆ ಕೂತು ಹಾಗೇ ಮಾಡಿದೆ. ಹುಳ ಒಳಗೆ ಹೋಯಿತು, ಬಾಗಿಲು ಮುಚ್ಚಿತು, ಬಾಗಿಲು ತೆರೆಯಿತು, ಕುಂಡಲಿಗ ಹೊರಬಂತು. ನಡುವೆ ತಂಬೂರಿಯ ಶ್ರುತಿ. ಒಂದೊಂದು ದೃಶ್ಯವೂ ಅಪ್ಪಟ ನಿಜ, ಒಟ್ಟು ಚಿತ್ರ ಮಾತ್ರ ಶುದ್ಧ ಸುಳ್ಳು. ನಾನು ಮಾಡಿದ ಚಿತ್ರಗಳಲ್ಲಿ ಅದರಷ್ಟು ಚಂದದ್ದು ಇನ್ನೊಂದಿಲ್ಲ.

ಭಾನುವಾರ ಬೆಳಿಗ್ಗೆ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೋಡಲು ಬಂದರು. ನೋಡಿ ಮುಗಿಸಿ ನನ್ನ ಕಡೆ ತಿರುಗಿದರು.

"ಬಾಗಲಾ ಮುಚ್ಚಿದ್ದು ಕಂಡೆ, ತೆರದದ್ದು ಕಂಡೆ. ನಡುವಿಂದು ಎಲ್ಲೈತವಾ?"

"ಅದು ಬೇಡ ಮೇಷ್ಟ್ರೇ. ನಿಮಗೆ ಬೇಜಾರಾಗತ್ತೆ."

"ಬ್ಯಾಸರ ಆದ್ರ ನನಗ ಆಗ್ತೈತಿ, ನಿನಗೇನು? ಹಚ್ಚವಾ."

ಉತ್ತರಪತ್ರಿಕೆಯಲ್ಲಿ ನಡುವಿನ ಹಾಳೆ ಕಿತ್ತದ್ದು ಮಾಸ್ತರರ ಕಣ್ಣು ತಪ್ಪುತ್ತದೆಯೇ? ಬೇರೆ ದಾರಿ ಕಾಣದೆ ಮೂಲ ಕ್ಯಾಸೆಟ್ಟು ಹಾಕಿದೆ. ಅವರು ಕನ್ನಡಕ ಒರೆಸಿಕೊಂಡು ಕಡೆಯ ತನಕ ನೋಡಿದರು. "ಬರ್ತೀನವಾ" ಎಂದು ಎದ್ದು ಹೋದರು. ಚಹಾ ಅರ್ಧಕ್ಕೇ ಉಳಿದಿತ್ತು. ಆ ದಿನವೆಲ್ಲ ಕೆಳಗಿನಿಂದ ಅವರ ದನಿ ಕೇಳಲಿಲ್ಲ. ನನ್ನ ಗಂಡ ಊಟಕ್ಕೆ ಕೂತಾಗ, "ಬೇರೆ ಮನೆ ನೋಡ್ತಾ ಇರೋಣ್ವಾ?" ಎಂದು ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ. ಹುಳುಹುಪ್ಪಟೆಯ ಪಾಡಿಗೆ ಅವು ಇದ್ದವು, ಮುದುಕರ ಪಾಡಿಗೆ ಅವರಿದ್ದರು. ನಡುವೆ ಕ್ಯಾಮೆರಾ ಹಿಡಿದು ಹೋಗಲು ನನಗೆ ಹೇಳಿದವರು ಯಾರು ಎಂದು ನನ್ನನ್ನೇ ಬೈದುಕೊಂಡೆ. ಹೇಳಿದವರು ಅವರೇ ಎಂಬುದು ಆ ಹೊತ್ತಿನಲ್ಲಿ ನೆನಪಾಗಲೂ ಇಲ್ಲ.

ಸೋಮವಾರ ಸಂಜೆ ನಾನು ಆಫೀಸಿನಿಂದ ಬರುವಾಗ ಗಿರಿಜಾ ಮೆಟ್ಟಿಲ ಬಳಿಯೇ ನಿಂತಿದ್ದಳು. "ಅಕ್ಕಾ, ಟಿವಿಗೆ ವೈರ್ ಜೋಡಸಾಕ ಬರಬೇಕಂತ, ಅಪ್ಪ ಹೇಳ್ಯಾರ. ಪೂರಾ ಸಿನಿಮಾನ ತರಬೇಕಂತ."

"ಪೂರಾ ಅಂದರೆ?"

"ನನಗೇನ ಗೊತ್ತು? ನಡುವಿಂದೂ ಸೇರಿಸಿ ಅಂದ್ರು."

ಪಡಸಾಲೆ ತುಂಬಿತ್ತು. ವೈರು ಜೋಡಿಸಿ ಚಿತ್ರ ಹಚ್ಚಿದೆ. ಮರಿ ಹುಳಕ್ಕೆ ಬಾಯಿ ಹಾಕಿದಾಗ ಒಬ್ಬ ಅಜ್ಜಿ "ಅಯ್ಯ ಶಿವನ!" ಎಂದು ಸೆರಗು ಬಾಯಿಗಿಟ್ಟುಕೊಂಡರು. ಚಿತ್ರ ಮುಗಿಯಿತು. ಎಲ್ಲರೂ ಮಾಸ್ತರರನ್ನು ನೋಡದಿರಲು ನೆಲ ನೋಡುತ್ತಿದ್ದರು. ಅವರು ಎದ್ದು ನಿಂತರು.

"ಇಷ್ಟ ವರ್ಷ ನಾ ನಿಮಗ ತಪ್ಪು ಹೇಳೀನಿ. ಬೇಕಂತ ಅಲ್ಲ, ನೋಡಿದ್ದಿಲ್ಲ. ನಿನ್ನೆ ಇದನ್ನ ನೋಡಿ ನನಗ ಊಟ ಸೇರಲಿಲ್ಲ. ಆಮ್ಯಾಲೆ ಕುಂತು ವಿಚಾರ ಮಾಡಿದೆ. ನಾ ಗುರು ಅಂದ್ರ ಕುಂಡಲಿಗ, ಶಿಷ್ಯ ಅಂದ್ರ ಹುಳ ಅಂತ ಹಿಡಕೊಂಡು ಕುಂತಿದ್ದೆ. ಲೆಕ್ಕ ಉಲ್ಟಾ ಐತ್ರಿ. ಗುರುನ ಹುಳ. ಅವ ಸುಮ್ಮ ಬಿದ್ದಿರಬೇಕು. ಶಿಷ್ಯ ಬಂದು ಅವನ್ನ ತಿನ್ನಬೇಕು, ತಿಂದು ತಿಂದು ರೆಕ್ಕಿ ಬರಬೇಕು, ಹಾರಿ ಹೋಗಬೇಕು. ಹಾರೂದನ್ನ ಹಿಡದು, 'ನನ್ನಂಗ ಹುಳ ಯಾಕ ಆಗಲಿಲ್ಲೋ' ಅಂತ ಕೇಳಿದ್ರ ಹೆಂಗ?"

ಲೇತ್ ಮಷೀನಿನ ಶಿಷ್ಯನೂ ಬಂದಿದ್ದ. ಮೊದಲು ನಕ್ಕವನು ಅವನೇ. ಆಮೇಲೆ ಪಡಸಾಲೆಯೇ ನಕ್ಕಿತು. ಮಾಸ್ತರರೂ ನಗುತ್ತ, "ಒಬ್ಬರೂ ನನ್ನಂಗ ಆಗಲಿಲ್ಲ ಅಂತ ಭಾಳ ಕೊರಗಿದೆ. ಈಗ ಹಗರ ಆತು," ಎಂದರು. ಅಷ್ಟಕ್ಕೇ ನಿಲ್ಲಿಸದೆ, ಬಾಗಿಲ ಬಳಿ ನಿಂತಿದ್ದ ಗಿರಿಜಾಳ ಕಡೆ ಕೈ ತೋರಿಸಿದರು. "ನನ್ನ ಮಗಳು ಪಾರ್ಲರ್ ನಡಸ್ತಾಳ್ರಿ. ಭಾಳ ಚಲೋ ನಡಸ್ತಾಳ."

ನಿನ್ನೆಯಿಂದ ನನ್ನ ಎದೆಯ ಮೇಲೆ ಕೂತಿದ್ದ ಬಂಡೆ ಅಲ್ಲೇ ಉರುಳಿಹೋಯಿತು. ಎಷ್ಟು ನಿರಾಳವಾಯಿತೆಂದರೆ ಟಿವಿಯ ವೈರು ಕೀಳುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡೆ. ನಾನು ಮಾಡಿದ ಚಂದದ ಸುಳ್ಳನ್ನು ಆ ಮನುಷ್ಯ ನೋಡಿ ಒಪ್ಪಿಬಿಟ್ಟಿದ್ದರೆ ಇದೊಂದು ಮಾತು ಅವರ ಬಾಯಿಂದ ಬರುತ್ತಿತ್ತೇ?

ಗಿರಿಜಾ ಮಾತ್ರ ಅಳುವ ಪೈಕಿಯವಳಲ್ಲ. ಸೊಂಟಕ್ಕೆ ಕೈಕೊಟ್ಟು ಅಲ್ಲಿಂದಲೇ ಹೇಳಿದಳು. "ತಿನ್ನೂದೇನೋ ತಿಂದೀನಪ್ಪಾ. ಆದ್ರ ನೀ ಭಾಳ ಕಹಿ ಇದ್ದಿ."

ಜನ ಇನ್ನೊಮ್ಮೆ ಗೊಳ್ಳೆಂದರು. ಮಾಸ್ತರರು ನಗು ಅಡಗುವ ತನಕ ಕಾದು, ಮಗಳನ್ನೇ ನೋಡುತ್ತ ಮೆಲ್ಲಗೆ ಕೇಳಿದರು.

"ಕಹಿ ಇದ್ರ ಇರಲಿ. ಅರಗೇತಿ ಇಲ್ಲೋ?"