ನಾಲ್ಕು ನಿಮಿಷ ಇರಲಿ

ನಾನು ಹುಟ್ಟಾ ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವುದರಲ್ಲಿ ಧೈರ್ಯದ ಕೆಲಸ ಒಂದೂ ಇಲ್ಲ. ಕುಷ್ಟಗಿಯ ಒಂದು ಸಣ್ಣ ಕಚೇರಿಯಲ್ಲಿ ನಾನು ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಯಾವ ಕಚೇರಿ ಎಂದು ಬರೆಯುವಷ್ಟೂ ಎದೆ ನನಗಿಲ್ಲ. ಹೊರಗುತ್ತಿಗೆ ಎಂದರೆ ವರ್ಷಕ್ಕೊಮ್ಮೆ ಒಂದು ಪತ್ರ ಬಂದರೆ ನಾವು ಇದ್ದೇವೆ, ಬಾರದಿದ್ದರೆ ಇಲ್ಲ. ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವಳನ್ನು 'ಇವರ ಅಜಾಗರೂಕತೆಯಿಂದ ಯಂತ್ರ ಕೆಟ್ಟಿರುತ್ತದೆ' ಎಂಬ ಒಂದೇ ಸಾಲಿನ ಮೇಲೆ ಮನೆಗೆ ಕಳಿಸಿದ್ದರು. ಆ ಪತ್ರದ ಪ್ರತಿ ಫೈಲಿನಲ್ಲೇ ಇತ್ತು, ಸೇರಿದ ವಾರದಲ್ಲೇ ನನ್ನ ಕಣ್ಣಿಗೆ ಬಿತ್ತು.

ಅಂಜಿಕೆ ನನಗೆ ಅವ್ವನಿಂದ ಬಂದದ್ದು. ಅವ್ವ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡುವವಳು, ಅಂದರೆ ಟೊಮೆಟೊ ಹೂವಿಗೆ ಒಂದೊಂದಾಗಿ ಕೈಯಿಂದ ಪರಾಗ ಮುಟ್ಟಿಸುವವಳು. ಉಗುರು ತಾಗಿ ಹೂವು ಉದುರಿದರೆ ಬೈಗುಳ. ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಪ್ಲಾಟಿನ ಮಾಲೀಕ ತನ್ನ ಸಾಲಿನ ಕಡೆ ಬರುವುದು ಕಂಡರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ "ತಪ್ಪಾತ್ರಿ" ಅಂದುಬಿಡುವುದು. ಏನು ತಪ್ಪು ಎಂಬುದನ್ನು ಆಮೇಲೆ ನೋಡಿಕೊಂಡರಾಯಿತು. ನಾನು ಡಿಗ್ರಿ ಮುಗಿಸಿದೆ, ಕಂಪ್ಯೂಟರ್ ಕಲಿತೆ, ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ನಮ್ಮ ಮನೆಯ ಮೊದಲ ಹೆಣ್ಣುಮಗಳಾದೆ. ಆ 'ತಪ್ಪಾತ್ರಿ' ಮಾತ್ರ ನಾಲಿಗೆ ಬಿಟ್ಟು ಹೋಗಲಿಲ್ಲ.

ನಮ್ಮ ಕಚೇರಿಯ ಸೂಪರಿಂಟೆಂಡೆಂಟರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ದಿನಾ ಯಲಬುರ್ಗಾದಿಂದ ಬಸ್ಸಿಗೆ ಬರುವವರು, ಇದು ನಡೆದಾಗ ನಿವೃತ್ತಿಗೆ ಎಂಟು ತಿಂಗಳಷ್ಟೇ ಉಳಿದಿತ್ತು. ಸಿಟ್ಟಿನ ಮನುಷ್ಯ ಅಲ್ಲ, ಆದರೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಮೊಬೈಲು ನೋಡಿಕೊಂಡು, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಒಳಗೆ ಕಾಲಿಟ್ಟೆ. ಅವರು ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದರು. ಅಲ್ಲಿ ಹತ್ತು ದಾಟಿ ಏಳು ನಿಮಿಷವಾಗಿತ್ತು.

"ಮೊಬೈಲ್ ಟೈಮ್ ಇಲ್ಲಿ ನಡಿಯಾಂಗಿಲ್ಲ ತಂಗಿ. ಆಫೀಸಿಗೆ ಬಂದ ಮ್ಯಾಲೆ ಆಫೀಸಿನ ಟೈಮೇ ಟೈಮು."

"ತಪ್ಪಾತ್ರಿ ಸರ್," ಎಂದೆ.

ಅಂದಿನಿಂದ ಮೊಬೈಲು ಡ್ರಾಯರಿನೊಳಗೆ ಹೋಯಿತು. ಹಾಜರಿ ಪುಸ್ತಕ, ಊಟದ ಬಿಡುವು, ಬಾಗಿಲು ಹಾಕುವುದು ಎಲ್ಲವೂ ಆ ಗಡಿಯಾರದ ಪ್ರಕಾರವೇ. ಮೂರು ತಿಂಗಳಲ್ಲಿ ನನಗೆ ಅದು ಎಷ್ಟು ರೂಢಿಯಾಯಿತೆಂದರೆ, ಕಚೇರಿಗಳ ಟೈಮೇ ಬೇರೆ ಇರುತ್ತದೆ ಎಂದು ನಿಜವಾಗಿ ನಂಬಿದ್ದೆ. ನಗುವವರು ನಗಲಿ.

ಹೀಗಿರುವಾಗ ನಮ್ಮ ಕಂಪ್ಯೂಟರ್ ಕೆಟ್ಟು ಕೊಪ್ಪಳದ ಜಿಲ್ಲಾ ಕಚೇರಿಗೆ ರಿಪೇರಿಗೆ ಹೋಯಿತು. ಅಲ್ಲಿ ಹಾರ್ಡ್ ಡಿಸ್ಕ್ ಬದಲಿಸಿದರು. ವಾಪಸ್ ತರಲು ನಾನೇ ಹೋದೆ. ಬಸ್ಸಿನಲ್ಲಿ ಅದನ್ನು ಕಾಲ ಬಳಿ ಇಟ್ಟುಕೊಂಡು ಎರಡೂ ಮೊಣಕಾಲಿನಿಂದ ಒತ್ತಿ ಹಿಡಿದಿದ್ದೆ. ದಾರಿಯಲ್ಲಿ ಕುರಿ ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಂಪ್ಯೂಟರಿನ ಡಬ್ಬಿ ಹಿಡಿತ ತಪ್ಪಿ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿದು ಮಗ್ಗುಲಾಗಿ ಬಿತ್ತು. ಒಳಗೆ ಏನೋ ಕಟ್ ಅಂದ ಹಾಗಾಯಿತು. ಕುಷ್ಟಗಿ ಬರುವವರೆಗೂ ಅದನ್ನು ತೊಡೆಯ ಮೇಲೆ ತಬ್ಬಿ ಕೂತೆ. ಬಂದು ಸಾಹೇಬರಿಗೆ "ಛಲೋ ಬಂತ್ರಿ ಸರ್" ಎಂದು ಸುಳ್ಳು ಹೇಳಿದೆ.

ಮರುದಿನ ಅದನ್ನು ಡೊಮೇನಿಗೆ ಸೇರಿಸಬೇಕಿತ್ತು. ತಾಲ್ಲೂಕುಗಳ ನಮ್ಮ ಕಂಪ್ಯೂಟರುಗಳೆಲ್ಲ ಕೊಪ್ಪಳದ ಒಂದು ದೊಡ್ಡ ಯಂತ್ರದ ಕೈಕೆಳಗೆ ಒಂದೇ ಮನೆಯವರ ಹಾಗೆ ಇರುತ್ತವೆ, ಅದಕ್ಕೆ ಡೊಮೇನ್ ಎನ್ನುತ್ತಾರೆ. ಡಿಸ್ಕ್ ಹೊಸದಾದ್ದರಿಂದ ನಮ್ಮದನ್ನು ಹೊಸದಾಗಿ ಒಳಗೆ ಕರೆದುಕೊಳ್ಳಬೇಕು. ಅಲ್ಲಿಯವರೆಗೆ ಫೈಲೂ ತೆರೆಯದು, ಪ್ರಿಂಟೂ ಬಾರದು. ಜಿಲ್ಲೆಯ ನೆಟ್‌ವರ್ಕ್ ನೋಡಿಕೊಳ್ಳುವ ಇಂಜಿನಿಯರ್ ಫೋನಿನಲ್ಲಿ ಎಲ್ಲ ಹೇಳಿಕೊಟ್ಟರು. ನಾನು ಯಂತ್ರ ಚಾಲು ಮಾಡಿದೆ. ತಾರೀಖು ಎಷ್ಟೋ ವರ್ಷ ಹಿಂದಿನದು ತೋರಿಸಿತು. ಒಳಗಿನ ಪುಟ್ಟ ಬ್ಯಾಟರಿ ಮುಗಿದಿತ್ತು, ಕರೆಂಟ್ ತೆಗೆದರೆ ಅದಕ್ಕೆ ಇವತ್ತು ಯಾವ ದಿನ ಎಂಬುದೇ ಮರೆಯುತ್ತಿತ್ತು. ಕ್ಯಾಲೆಂಡರ್ ನೋಡಿ ತಾರೀಖು ಸರಿಮಾಡಿದೆ, ಗೋಡೆ ನೋಡಿ ಟೈಮ್ ಸರಿಮಾಡಿದೆ. ಆಮೇಲೆ ಡೊಮೇನಿನ ಹೆಸರು ಟೈಪು ಮಾಡಿ, ಅವರು ಹೇಳಿದ ಪಾಸ್‌ವರ್ಡ್ ಹಾಕಿ, ದೇವರ ಹೆಸರು ಹೇಳಿ ಒತ್ತಿದೆ.

ಕೆಂಪು ಗುರುತು ಬಂತು. ಈ ಯಂತ್ರದ ವೇಳೆಗೂ ಅಲ್ಲಿಯ ವೇಳೆಗೂ ವ್ಯತ್ಯಾಸವಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಪರದೆಯ ಮೂಲೆ ನೋಡಿದೆ, ಗೋಡೆ ನೋಡಿದೆ. ಒಂದು ನಿಮಿಷವೂ ಆಚೀಚೆ ಇರಲಿಲ್ಲ. ಹಾಗಾದರೆ ಯಂತ್ರವೇ ಸುಳ್ಳು ಹೇಳುತ್ತಿದೆ, ಬಿದ್ದ ಪೆಟ್ಟಿನಿಂದ ಅದರ ತಲೆ ಕೆಟ್ಟಿದೆ ಎಂದು ನನಗೆ ಖಾತ್ರಿಯಾಯಿತು.

ಕೇಬಲ್ ಕಿತ್ತು ಮತ್ತೆ ಹಾಕಿದೆ. ಯಂತ್ರದ ಹೆಸರು ಬದಲಿಸಿ ನೋಡಿದೆ. ಕೀಬೋರ್ಡಿನಿಂದಲೇ ಕೊಪ್ಪಳದ ಯಂತ್ರವನ್ನು ಕೂಗಿ ನೋಡಿದೆ, ಅದು ಓ ಎನ್ನುತ್ತಿತ್ತು, ಒಳಗೆ ಮಾತ್ರ ಬಿಡುತ್ತಿರಲಿಲ್ಲ. ಮತ್ತೆ ಅದೇ ಕೆಂಪು ಗುರುತು. ಇಂಜಿನಿಯರಿಗೆ ಫೋನ್ ಮಾಡಿದರೆ ಅವರು ಗಂಗಾವತಿಗೆ ಹೋಗುವ ದಾರಿಯಲ್ಲಿದ್ದರು.

"ಏನ್ ಎರರ್ ಬರ್ತೈತ್ರಿ ಮೇಡಂ?"

ಓದಿ ಹೇಳಿದರೆ ಬಿದ್ದದ್ದು ಗೊತ್ತಾಗಿಬಿಡುತ್ತದೆ ಎಂಬ ಭಯ. "ಏನೋ ಬರ್ತೈತ್ರಿ, ತಿಳಿವಲ್ದು," ಎಂದೆ.

"ಕೇಬಲ್ ನೋಡ್ರಿ ಮತ್ತೊಮ್ಮೆ. ಐದರೊಳಗ ಆಗ್ಲಿಲ್ಲಂದ್ರ ನಾಳೆ ಮಶೀನ್ ವಾಪಸ್ ತಗೊಂಡ್ ಬರ್ರಿ. ಯಾರ ಕೈಯಾಗ ಕೆಡ್ತು ಅಂತ ಸಾಹೇಬ್ರ ಕಡಿಂದ ಬರಿಸ್ಕೊಂಡ್ ಬರ್ರಿ."

ಫೋನು ಕಟ್ಟಾಯಿತು. ಫೈಲಿನಲ್ಲಿದ್ದ ಆ ಒಂದೇ ಸಾಲಿನ ಪತ್ರ ಕಣ್ಣ ಮುಂದೆ ನಿಂತಿತು, ಈ ಸಲ ಅದರಲ್ಲಿ ನನ್ನ ಹೆಸರಿತ್ತು. ಅಂದು ಊಟದ ಡಬ್ಬಿ ತೆರೆಯಲಿಲ್ಲ. ಸಾಹೇಬರು ತಮ್ಮ ಟೇಬಲಿನಿಂದ ಗಳಿಗೆಗೊಮ್ಮೆ "ಆತೇನವಾ?" ಎಂದು ಕೇಳುತ್ತಿದ್ದರು. ನಾನು "ಆಗಾಕತ್ತೈತ್ರಿ" ಎನ್ನುತ್ತಿದ್ದೆ. ಆಗುತ್ತಿದ್ದದ್ದು ನನ್ನ ಎದೆಬಡಿತ ಒಂದೇ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತಾದಾಗ ಇಂಜಿನಿಯರ್ ತಾವಾಗಿಯೇ ಫೋನ್ ಮಾಡಿದರು. ಸಾಹೇಬರು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತು, ಸ್ಪೀಕರಿಗೆ ಹಾಕು ಎಂದು ಸನ್ನೆ ಮಾಡಿದರು. ಇನ್ನು ಮುಚ್ಚಿಡುವ ದಾರಿ ಇರಲಿಲ್ಲ. ಪರದೆಯ ಮೇಲಿದ್ದುದನ್ನು ಅಕ್ಷರ ಬಿಡದೆ ಓದಿದೆ.

"ಅಲ್ರೀ, ಅದs ಹೇಳಾಕತ್ತೈತಲ್ಲ. ಟೈಮ್ ನೋಡಿರೇನು?"

"ನೋಡೀನ್ರಿ. ಸರಿ ಐತ್ರಿ."

"ಯಾವುದಕ್ಕ ಸರಿ ಐತಿ?"

"ಗೋಡಿ ಗಡಿಯಾರಕ್ಕರಿ."

ಇಂಜಿನಿಯರ್ ಮೊಬೈಲಿನಲ್ಲಿ ಎಷ್ಟಾಗಿದೆ ನೋಡಿ ಎಂದರು. ಕೈಯಲ್ಲೇ ಇದ್ದ ಮೊಬೈಲನ್ನು ನಾನು ಇಡೀ ದಿನ ಟೈಮಿಗೆಂದು ನೋಡಿರಲಿಲ್ಲ. ನಾಲ್ಕು ಗಂಟೆ ಎಂಟು ನಿಮಿಷ.

"ಹನ್ನೆರಡು ನಿಮಿಷ ಫರಕ ಐತಲ್ರಿ ಮೇಡಂ. ಐದು ನಿಮಿಷಕ್ಕಿಂತ ಹೆಚ್ಚಿಗಿ ಫರಕ ಇದ್ರ ಡೊಮೇನ್ ಒಳಗ ತಗೊಳ್ಳಾಂಗಿಲ್ಲ. ಐದರೊಳಗಿದ್ರ ನಡೀತೈತಿ. ಮೊಬೈಲಿನಂಗ ಮಾಡಿ ಹಾಕ್ರಿ."

ಮಾಡಿ ಹಾಕಿದೆ. ಒತ್ತಿದ ಕೂಡಲೇ ಸ್ವಾಗತ ಎಂಬ ಚಿಕ್ಕ ಕಿಟಕಿ ಮೂಡಿತು. ನನಗೆ ಅಳು ಬಂತು. ಆದರೆ ಫೋನು ಇನ್ನೂ ಮುಗಿದಿರಲಿಲ್ಲ. ಇಡೀ ದಿನ ಕೆಲಸ ನಿಂತದ್ದು ಯಾಕೆ, ಯಾರಿಂದ ಎಂದು ಇವತ್ತೇ ಒಂದು ಪತ್ರ ಕಳಿಸಿ ಎಂದು ಹೇಳಿ ಇಂಜಿನಿಯರ್ ಫೋನ್ ಇಟ್ಟರು.

ಸಾಹೇಬರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತು ಬರೆಸತೊಡಗಿದರು. ನಾನು ಟೈಪು ಮಾಡುತ್ತ ಹೋದೆ. ವಿಷಯ, ಉಲ್ಲೇಖ, ಮಾನ್ಯರೇ. 'ಆಪರೇಟರ್ ಇವರ ಅಜಾಗರೂಕತೆಯಿಂದ' ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ನನ್ನ ಕುತ್ತಿಗೆ ಕೊಯ್ಯುವ ಪತ್ರವನ್ನು ನನ್ನ ಕೈಯಿಂದಲೇ ಟೈಪು ಮಾಡಿಸುತ್ತಿದ್ದಾರಲ್ಲ ಎಂದು ಭಯದ ಜೊತೆಗೆ ಸಿಟ್ಟೂ ಬಂತು. 'ತಪ್ಪಾತ್ರಿ' ನಾಲಿಗೆಯ ತುದಿಗೆ ಬಂದಿತ್ತು. ಅವತ್ತು ಅದು ಹೇಗೋ ಹೊರಗೆ ಬೀಳಲಿಲ್ಲ.

"ಸರ್, ಗಡಿಯಾರದ್ದು ಬರೀಲೇನ್ರಿ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರಿಗೆ ಕೇಳಿಸಿತ್ತು. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು.

"ಅದನ್ನ ಬರದ್ರ ನನಗ ಬರ್ತೈತವಾ," ಎಂದರು. "ಫೋನಿನಾಗ ಕೇಳಿದ್ದು ಬ್ಯಾರೆ, ಕಾಗದದಾಗ ಬಿದ್ದಿದ್ದು ಬ್ಯಾರೆ. ಎಂಟ್ ತಿಂಗಳು ಉಳದೈತಿ."

ಆಮೇಲೆ ತಾವಾಗಿಯೇ ಹೇಳಿದರು. ಹೊಸದಾಗಿ ಕೆಲಸಕ್ಕೆ ಸೇರಿ ಗಂಗಾವತಿಯಲ್ಲಿದ್ದಾಗ, ಮೇಲಿನವರು ತಪಾಸಣೆಗೆ ಬಂದ ದಿನವೇ ಅವರ ಬಸ್ಸು ತಡವಾಗಿತ್ತು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಬಿದ್ದಿತ್ತು. ಸಸ್ಪೆಂಡ್ ಮಾಡಿದರು. ಮನೆಯಲ್ಲಿ ಹೇಳಲು ಹೆದರಿ, ದಿನಾ ಬುತ್ತಿ ಕಟ್ಟಿಸಿಕೊಂಡು ಹೊರಟು, ಸಂಜೆಯವರೆಗೆ ಬಸ್‌ ಸ್ಟ್ಯಾಂಡಿನಲ್ಲಿ ಕೂತು ಮನೆಗೆ ಹೋಗುತ್ತಿದ್ದರಂತೆ. ಎಷ್ಟೋ ತಿಂಗಳು ಹಾಗೆ ನಡೆಯಿತಂತೆ.

"ಎಷ್ಟ್ ತಡ ಆಗಿತ್ರಿ ಸರ್?"

"ಹನ್ನೆರಡು ನಿಮಿಷ."

ಅಂದಿನಿಂದ ಅವರು ಹೋದ ಕಚೇರಿಗಳ ಗಡಿಯಾರಗಳೆಲ್ಲ ಹನ್ನೆರಡು ನಿಮಿಷ ಮುಂದೆ. ಮೂರು ತಿಂಗಳಿಂದ ನಾನು ಯಾವುದನ್ನು ಸರ್ಕಾರದ ಟೈಮು ಎಂದುಕೊಂಡಿದ್ದೆನೋ ಅದು ಈ ಮನುಷ್ಯನ ಅಂಜಿಕೆಯಾಗಿತ್ತು. ನನಗೆ ಅವ್ವ ನೆನಪಾದಳು. ಬೈಗುಳ ಬರುವ ಮೊದಲೇ ತಪ್ಪಾತ್ರಿ ಎನ್ನುವುದೂ ಇದೂ ಒಂದೇ ಎನಿಸಿ, ಅವರ ಮೇಲಿನ ಸಿಟ್ಟು ಇಳಿದುಹೋಯಿತು.

"ಬ್ಯಾಟರಿ ಮುಗದೈತಲ್ರಿ ಸರ್," ಎಂದೆ. "ಕರೆಂಟ್ ಹೋದ್ರ ಟೈಮ್ ಕೆಡ್ತೈತಿ. ಅದೂ ಖರೇನ ಐತಿ. ಅಷ್ಟs ಬರೀಲೇನ್ರಿ?"

ಅವರು ತಲೆಯಾಡಿಸಿದರು. ನಾನು 'ಅಜಾಗರೂಕತೆ'ಯನ್ನು ಒಂದೊಂದೇ ಅಕ್ಷರ ಅಳಿಸಿದೆ. ಯಂತ್ರದ ಬ್ಯಾಟರಿ ಮುಗಿದಿದ್ದರಿಂದ ವೇಳೆ ತಪ್ಪಿದ್ದು, ಸರಿಪಡಿಸಲಾಗಿದೆ ಎಂದು ಬರೆದೆ. ಅವರು ಸಹಿ ಹಾಕಿದರು. ಆ ಧೈರ್ಯದಲ್ಲೇ ಬಸ್ಸಿನಲ್ಲಿ ಡಬ್ಬಿ ಬಿದ್ದದ್ದನ್ನೂ ಹೇಳಿದೆ.

"ನೀ ಹೇಳಿಲ್ಲ, ನಾ ಕೇಳಿಲ್ಲ," ಎಂದರು.

ಬಾಗಿಲು ಹಾಕುವ ಮೊದಲು ಗಡಿಯಾರ ಸರಿಮಾಡಲು ನಾನೇ ಸ್ಟೂಲು ಹತ್ತಿದೆ. ಅವರು ಕೆಳಗೆ ಸ್ಟೂಲು ಹಿಡಿದು ನಿಂತಿದ್ದರು. ನಾನು ಹಿಂದಿನ ಗಾಲಿ ತಿರುಗಿಸುತ್ತಿದ್ದಂತೆ ಅವರು ಸ್ಟೂಲನ್ನು ಇನ್ನೂ ಗಟ್ಟಿಯಾಗಿ ಹಿಡಿದರು. ಎಂಟು ನಿಮಿಷ ಹಿಂದೆ ಬಂದಿದ್ದೆ.

"ಸಾಕವಾ," ಎಂದರು. "ನಾಲ್ಕು ನಿಮಿಷ ಇರಲಿ ಬಿಡು. ಐದರೊಳಗ ಐತಲ್ಲ."

ಈಗ ಸಾಹೇಬರು ನಿವೃತ್ತರಾಗಿದ್ದಾರೆ. ಮುಂದಿನ ವರ್ಷಕ್ಕೆ ನನ್ನ ಗುತ್ತಿಗೆಯ ಪತ್ರ ಬಂತು, ಅದರ ಮುಂದಿನ ವರ್ಷಕ್ಕೂ ಬಂತು. ಕಂಪ್ಯೂಟರಿಗೆ ಹೊಸ ಬ್ಯಾಟರಿ ಹಾಕಿದ್ದಾರೆ, ಅದರ ಟೈಮನ್ನು ಕೊಪ್ಪಳದ ಯಂತ್ರವೇ ನೋಡಿಕೊಳ್ಳುತ್ತದೆ. ಮೊನ್ನೆ ಗೋಡೆಯ ಗಡಿಯಾರದ ಸೆಲ್ ಮುಗಿಯಿತು. ಹೊಸದು ಹಾಕಿ, ಮೊಬೈಲು ನೋಡಿ, ನಿಮಿಷ ತಪ್ಪದಂತೆ ಸರಿಮಾಡಿ ಸ್ಟೂಲಿನಿಂದ ಇಳಿದೆ. ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ. ಆಮೇಲೆ ಮತ್ತೆ ಹತ್ತಿ ನಾಲ್ಕು ನಿಮಿಷ ಮುಂದೆ ಸರಿಸಿದೆ.