ಹುಬ್ಬಿನ ಭಾಷೆ ಕಲಿತ ಮೆಟಿಲ್ಡಾ

ಅಬುಧಾಬಿಯ ಖಲೀಫಾ ಸಿಟಿ, ಬೆಳಗಿನ ಐದೂವರೆ. ವಿಲ್ಲಾವೊಂದರ ಕೋಣೆಯಲ್ಲಿ ಕಿನ್ನಿಗೋಳಿಯ ಮೆಟಿಲ್ಡಾ ಲೋಟ ಹಿಡಿದು ಬಾಗಿದ್ದಾರೆ. "ಇಮೆಕ್?" ನೀರು ಬೇಕಾ ಎಂದು ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ಕೇಳುತ್ತಾರೆ. ಹಾಸಿಗೆಯಲ್ಲಿರುವ ಎಂಬತ್ತೊಂದರ ನಾಯಾ ಅಜ್ಜಿ ಹುಬ್ಬೆತ್ತುತ್ತಾರೆ. ಲೋಟ ಕೂಡಲೇ ತುಟಿಗೆ ಹೋಗುತ್ತದೆ.

ಮೆಟಿಲ್ಡಾ ಹೋಮ್ ನರ್ಸ್. ಹದಿನಾರು ವರ್ಷಗಳಿಂದ ಇಲ್ಲಿ ಕಂಡವರ ತಾಯಂದಿರನ್ನು ನೋಡಿಕೊಳ್ಳುತ್ತಿದ್ದಾರೆ, ನಾಯಾ ಏಳನೆಯವರು. ವಾಸವೂ ಈ ಮನೆಯಲ್ಲೇ, ದಿನಕ್ಕೆ ಹನ್ನೆರಡು ತಾಸು ಕೆಲಸ, ಆರು ಸಲ ಮಗ್ಗುಲು ಬದಲಿಸಬೇಕು. ಪಾರ್ಶ್ವವಾಯು ಬಡಿದ ಅಜ್ಜಿಗೆ ಮಾತು ಹೋಗಿದೆ, ಕಿವಿ ಮಾತ್ರ ಚುರುಕು. ಮಗಳು ಪಿಪಾಲುಕ್ ವಿಮಾನದ ಸಿಬ್ಬಂದಿ. ವಾರಕ್ಕೆ ನಾಲ್ಕು ದಿನ ಮನೆಯಲ್ಲಿರುವುದಿಲ್ಲ.

"ಎಸ್ಕಿಮೊ ಭಾಷೆ ಕಲಿತಿರಲ್ಲ, ಶಹಬ್ಬಾಸ್!" ಎನ್ನುತ್ತೇನೆ, ಪತ್ರಿಕೆಗೆ ಬರೆಯಲು ಬಂದ ನಾನು. "ಹಾಗೆ ಹೇಳ್ಬಾರ್ದು, ಅವ್ರಿಗೆ ಬೇಸರ ಆಗ್ತದೆ. ಕಲಾಲ್ಲಿಸುತ್ ಅನ್ಬೇಕು" ಎಂದು ತಿದ್ದುತ್ತಾರೆ. ನನ್ನ ಮುಖ ಸಣ್ಣದಾಗುತ್ತದೆ. "ಮತ್ತೆ, ಹೊಗಳಿ ಬರೀಬೇಡಿ ಮಾರಾಯ್ರೆ. ನಾನು ಮಾಡಿದ್ದನ್ನೂ ಬರೀರಿ."

ಮಾಡಿದ್ದೇನು? ಮೊದಲ ವಾರ "ವಾಟರ್?" ಎಂದಾಗಲೆಲ್ಲ ಅಜ್ಜಿ ಹುಬ್ಬೆತ್ತುತ್ತಿದ್ದರು. "ನಮ್ಮಲ್ಲಿ ಹುಬ್ಬು ಎತ್ತಿದ್ರೆ 'ಎಂಥ?' ಅಂತ ಅಲ್ವಾ? ಅರ್ಥ ಆಗ್ಲಿಲ್ಲಾಂತ ಜೋರಾಗಿ ಕೇಳಿದೆ. ಅವ್ರು ಇನ್ನೂ ಮೇಲೆ ಎತ್ತಿದ್ರು. ಬೇಡದಿದ್ರೆ ಬಿಡಿ ಅಂತ ಲೋಟ ಒಳಗೆ ಇಟ್ಟೆ. ಗಂಜಿ ಜೊತೆ ಕುಡಿಸಿದ್ದಷ್ಟೇ." ಎಡಕ್ಕೆ ಹೊರಳಿಸಲೇ ಎಂದು ಕೈಸನ್ನೆ ಮಾಡಿದರೆ ಅಜ್ಜಿ ಮೂಗು ಸುಕ್ಕಿಸುತ್ತಿದ್ದರು. "ನನ್ನ ಮೈವಾಸನೆಗೆ ಹೇಸ್ತಾರೇಂತ ಗ್ರಹಿಸಿದೆ. ದಿನಕ್ಕೆ ಎರಡು ಸಲ ಸ್ನಾನ ಮಾಡಿದೆ. ಆಮೇಲೆ ಸಿಟ್ಟು ಬಂತು. ಸಿಟ್ಟಲ್ಲೇ ಹೊರಳಿಸಿದೆ."

ಐದನೇ ದಿನ ಮಗಳು ಬಂದಾಗ ಅಜ್ಜಿಯ ತುಟಿ ಬಿರಿದಿತ್ತು. ನೀರು ಬೇಕಾ ಎಂದಳು. ಅಜ್ಜಿ ಹುಬ್ಬೆತ್ತಿದರು, ಮಗಳು ಕುಡಿಸಿದಳು. ಅವರ ಜನರಲ್ಲಿ ಹುಬ್ಬೆತ್ತಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ಹುಟ್ಟಿನಿಂದ ಬಂದದ್ದನ್ನು ಹೇಳಿಕೊಡಬೇಕೆಂದು ಮಗಳಿಗೂ ಹೊಳೆದಿರಲಿಲ್ಲ.

"ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಹೌದು ಹೌದು ಅಂತ ಅಂಗಲಾಚಿದವ್ರ ಎದುರಿಂದ ನೀರು ತೆಗೊಂಡು ಹೋದವಳು ನಾನು." ಅಂದೇ ಮಗಳೆದುರು ಎಲ್ಲವನ್ನೂ ಒಪ್ಪಿಕೊಂಡರು. ಅವಳು ಕೆಲಸದಿಂದ ತೆಗೆಯಲಿಲ್ಲ, ಭಾಷೆ ಕಲಿಸಿದಳು. ಈಗ ಮೆಟಿಲ್ಡಾರ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದ ಅರವತ್ತೆರಡು ಪದಗಳಿವೆ. ಕೊನೆಯದು "ಕಮಪ್ಪಿತ್?", ಅಂದರೆ ಸಿಟ್ಟಾ? ಕಲಿತು ಮೂರು ತಿಂಗಳಾಯಿತು, ಅಜ್ಜಿಯನ್ನು ಕೇಳಿಲ್ಲ.

"ಒಮ್ಮೆ ಕೇಳ್ಬೇಕು, ಅಷ್ಟೇ ಆಸೆ. ಹೌದು ಅಂದ್ರೆ ಎಂಥ ಮಾಡುದು?"

ಇವತ್ತು ಲೋಟ ಕೆಳಗಿಟ್ಟು, ತಲೆ ತಗ್ಗಿಸಿಯೇ ಕೇಳುತ್ತಾರೆ, "ಕಮಪ್ಪಿತ್?" ಅಜ್ಜಿ ಅವರನ್ನೇ ನೋಡುತ್ತಾರೆ.

"ಮೇಲೆ ನೋಡಿ ಮೆಟಿಲ್ಡಾ" ಎನ್ನುತ್ತೇನೆ ನಾನು.

ಅಜ್ಜಿ ಮೂಗು ಸುಕ್ಕಿಸಿದ್ದಾರೆ.