ಮೊದಲ ಲೋಟ ಬಾಗಿಲಿಗೆ ಬಂದವರಿಗೆ

ಉಗುರುಸಂದಿಯಲ್ಲಿ ಪನ್ನೀರು ಗುಲಾಬಿಯ ಕೆಂಪು ಕೂತಿದ್ದ ಬೆರಳುಗಳನ್ನು ಬೆರಳಚ್ಚಿಗೆಂದು ಶಾಯಿಯಲ್ಲಿ ಅದ್ದಿಸಿ, ಕಳ್ಳಭಟ್ಟಿಯವರ ಸಾಲಿಗೆ ಸೇರಿಸಿದವರು ನೀವು. ಅಬಕಾರಿ ದಾಳಿಗೆ ಬಂದವರನ್ನೂ ದಾಳಿಗೆ ಸಹಿ ಹಾಕಿದವರನ್ನೂ ಕುರಿತೇ ಇದನ್ನು ಬರೆಯುತ್ತಿದ್ದೇನೆ. ಆ ಬೆರಳುಗಳು ಯಾರವೆಂದು ತಿಳಿಯುವ ವ್ಯವಧಾನ ಅಂದು ನಿಮಗಿರಲಿಲ್ಲ. ಇಂದು ತಿಳಿಯಿರಿ.

ಅವರು ನಮ್ಮ ಮನೆ ಓನರ್ ಆಂಟಿ. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನನ್ನ ಅಪ್ಪ ಅವ್ವನಿಗೆ ರಿಚರ್ಡ್ಸ್ ಟೌನಿನ ತಮ್ಮ ಮನೆಯ ಹಿತ್ತಿಲ ಕೋಣೆಯನ್ನು ಬಾಡಿಗೆಗೆ ಕೊಟ್ಟವರು. ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ. ಸಂಜೆ ರಸೆಲ್ ಮಾರುಕಟ್ಟೆಗೆ ಹೋಗಿ, ಹಾರಕ್ಕೆ ಬಾರದೆ ಉದುರಿದ ಎಸಳುಗಳನ್ನು ಚೀಲದಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಸಕ್ಕರೆ, ನಿಂಬೆರಸ ಬೆರೆತು ಅದು ಷರಬತ್ತಾಗುತ್ತಿತ್ತು. ರಂಜಾನಿಗೆ ಎದುರುಮನೆಯವರಿಗೊಂದು ಪಾತ್ರೆ, ನಮಗೊಂದು. ಉಳಿದದ್ದಕ್ಕೆ ನೀರು, ಯೀಸ್ಟು, ಒಂದು ಹಿಡಿ ಗೋಧಿ ಸೇರಿಸಿ, ತಾಯಿಯ ಕಾಲದ ಕಂದು ಭರಣಿಗೆ ಸುರಿದು, ಬಾಯಿಗೆ ತೆಳುಬಟ್ಟೆ ಕಟ್ಟಿ ಮಂಚದಡಿ ಇಡುತ್ತಿದ್ದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಅದು ವೈನು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಮಂಡಿಯೂರಿ ಭರಣಿಗೆ ಕಿವಿ ಹಚ್ಚುತ್ತಿದ್ದರು.

“ಏನ್ ಅಂತೈತ್ರೀ ಆಂಟಿ ನಿಮ್ ಭರಣಿ?” ಎಂದು ಅವ್ವ ಕೆಣಕುತ್ತಿದ್ದಳು.

“ಇನ್ನೂ ಗೊಣಗ್ತಾ ಇದೆ ಮಾ, ನನ್ ಹಸ್ಬೆಂಡ್ ಥರ. ಸೈಲೆಂಟ್ ಆದ್ಮೇಲೇ ತೆಗೀಬೇಕು.”

ಭರಣಿ ತೆರೆದ ದಿನ ಮೊದಲ ಲೋಟ ಮನೆಯವರಿಗಲ್ಲ, ಬಾಗಿಲಿಗೆ ಬಂದವರಿಗೆ, ಅಂಚೆಯವನಿರಲಿ, ಗ್ಯಾಸಿನವನಿರಲಿ. ಕುಡಿಯದವರಿಗೆ ಷರಬತ್ತು. ಅದು ಅವರ ತಾಯಿಯಿಂದ ಬಂದ ನೇಮ. “ಡೋರ್‌ಗೆ ಬಂದೋರ್ನ ಯಾರು ಅಂತ ಕೇಳ್ಬಾರ್ದು ಮಾ. ಫಸ್ಟು ಕೊಡ್ಬೇಕು.”

ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ, ಎಲ್ಲೋ ಕೆಟ್ಟ ಸಾರಾಯಿ ಕುಡಿದು ಜನ ಸತ್ತರು. ನಿಮಗೆ ಕೇಸುಗಳು ಬೇಕಾದವು. ಭರಣಿ ತೆರೆದ ದಿನ ಬಾಗಿಲಿಗೆ ಬಂದವನು ನಿಮ್ಮವನು, ಮಫ್ತಿಯಲ್ಲಿ. ನಾನು ಅವ್ವನ ಸೆರಗು ಹಿಡಿದು ಅಲ್ಲೇ ನಿಂತಿದ್ದೆ.

“ಆಂಟಿ, ರೋಸ್ ವೈನ್ ಸಿಗುತ್ತಾ?”

“ಸಿಗೋಕೆ ಇದೇನ್ ಬಾರೇನಪ್ಪಾ? ಒಳಗ್ ಬಾ, ಕೂತ್ಕೋ.”

ಲೋಟ ಕೊಟ್ಟರು, ಕೇಕು ಕೊಟ್ಟರು. ಅವನ ಹೆಂಡತಿಗೆಂದು ಒಂದು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿಕೊಟ್ಟರು. ಅವನು ಕೇಕನ್ನು ಪೂರ್ತಿ ತಿಂದು ಮುಗಿಸಿ, ಹೊರಗಿದ್ದ ಜೀಪಿಗೆ ಕೈ ಮಾಡಿದ. ಆ ಜೀಪು, ನನ್ನ ಅಪ್ಪನ ಕೂಲಿಯನ್ನೂ ಕೊನೆಗೆ ಅಪ್ಪನನ್ನೂ ನುಂಗಿದ ಸಾರಾಯಿ ಅಂಗಡಿಯ ಮುಂದಿನಿಂದಲೇ ಹಾದುಬಂದಿತ್ತು. ಆ ಅಂಗಡಿಗೆ ಪರವಾನಗಿಯಿತ್ತು.

ಭರಣಿ ಸಾಕ್ಷ್ಯವಾಗಿ ಹೋಯಿತು. ಆರೋಪ: ಅಕ್ರಮ ಮದ್ಯ ಮಾರಾಟ.

“ಒಪ್ಕೊಂಡ್ಬಿಡಿ ಆಂಟಿ, ಫೈನ್ ಕಟ್ಟಿ ಮನೆಗ್ ಹೋಗೋಣ,” ಎಂದರು ವಕೀಲರು.

“ಮಾಡ್ದೆ ಅಂತ ಒಪ್ಕೊಳ್ತೀನಿ. ಮಾರ್ದೆ ಅಂತ ಹೆಂಗಪ್ಪಾ ಒಪ್ಕೊಳ್ಳೋದು? ನಮ್ಮಮ್ಮನ ಭರಣಿ ಅದು.”

ಒಪ್ಪಲಿಲ್ಲ. ಕೇಸು ವರ್ಷಗಟ್ಟಲೆ ಎಳೆಯಿತು. ಅವರ ಕೇಕು ತಿಂದು ಬೆಳೆದ ಬೀದಿ ಅವರನ್ನು ‘ಬಾಟ್ಲಿ ಆಂಟಿ’ ಎಂದು ಕರೆಯಿತು. ಸಂಜೆಯಾದರೆ ಅಪರಿಚಿತ ಕುಡುಕರು ಬಾಟಲಿ ಕೇಳಿಕೊಂಡು ಬಂದರು. ಆಂಟಿ ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟರು, ಉಗುರುಗಳು ಬೆಳ್ಳಗಾದವು. ಕೊನೆಗೆ, ಯಾರಾದರೂ ಕದ ತಟ್ಟಿದರೆ ಚಿಲಕ ತೆಗೆಯದೆ “ಯಾರು?” ಎಂದು ಕೇಳುವುದನ್ನು ಕಲಿತರು. ನೀವು ಅವರಿಗೆ ಕಲಿಸಿದ್ದು ಅದೊಂದೇ.

ಒಂದು ಬೆಳಿಗ್ಗೆ ಅವ್ವ ಕದ ತಟ್ಟಿದಾಗ ಒಳಗಿನಿಂದ ಆ ಪ್ರಶ್ನೆ ಬರಲಿಲ್ಲ.

ಆರೋಪಿ ಮೃತಪಟ್ಟಿದ್ದರಿಂದ ಪ್ರಕರಣ ಮುಕ್ತಾಯವಾಯಿತು. ತಪ್ಪಿತಸ್ಥೆಯಲ್ಲ ಎಂದು ಯಾರೂ ಹೇಳಲಿಲ್ಲ. ನಾನು ಕಾನೂನು ಓದಿದವಳು. ಪರವಾನಗಿಯಿಲ್ಲದೆ ವೈನು ಮಾಡುವುದು ಅಪರಾಧವೆಂಬುದನ್ನು ಬಲ್ಲೆ; ಆಂಟಿ ಅದನ್ನು ಅಲ್ಲಗಳೆದಿರಲೂ ಇಲ್ಲ. ಉಡುಗೊರೆಯನ್ನು ಮಾರಾಟವೆಂದು ಬರೆಯುವುದೂ ಅಪರಾಧವೇ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ: ಮಾರಾಟ ನಡೆಯಿತೆಂದು ಬರೆದವರು ಯಾವ ಆಧಾರದ ಮೇಲೆ ಬರೆದರು ಎಂಬುದಕ್ಕೆ ಲಿಖಿತ ಉತ್ತರ ನೀಡಬೇಕು. ಸುಳ್ಳೆಂದು ಕಂಡುಬಂದರೆ ಅವರ ಮೇಲೆ ಕ್ರಮ ಕೈಗೊಳ್ಳಬೇಕು. ಆ ಕಂದು ಭರಣಿಯನ್ನು ನಮ್ಮ ಮನೆಗೆ ಹಿಂದಿರುಗಿಸಬೇಕು. ತಂದವರು ಯಾರೇ ಆಗಲಿ, ಅವ್ವ ಮೊದಲು ಷರಬತ್ತು ಕೊಡುತ್ತಾಳೆ. ಯಾರು ಎಂದು ನಾನು ಕೇಳುತ್ತೇನೆ.